ಅಂಗಳದ ಕೆಳಗಿನ ಹಗೆ

ಹುನಗುಂದದ ಹಳೆಯ ಓಣಿಯೊಂದರಲ್ಲಿ ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಲು ಹೊರಟಿದ್ದಾರೆ ಎಂದುಕೊಳ್ಳಿ. ಜೆಸಿಬಿ ಬಂದು ನಿಂತಿದೆ. ಎದುರು ಮನೆಯ ಕಟ್ಟೆಯ ಮೇಲೆ ತೊಂಬತ್ತರ ಅಜ್ಜಿಯೊಬ್ಬಳು ಕೂತು ನೋಡುತ್ತಿದ್ದಾಳೆ. ಯಂತ್ರದ ಗಾಲಿ ಅಂಗಳದ ಮೂಲೆಗೆ ಹೊರಳಿದ್ದೇ ತಡ, "ಏ ತಮ್ಮಾ, ಆ ಕಡೆ ಗಾಲಿ ಒಯ್ಯಬ್ಯಾಡೋ, ಅಲ್ಲಿ ಹಗೆ ಐತಿ!" ಎಂದು ಕೂಗುತ್ತಾಳೆ. ಕರಾವಳಿಯಿಂದ ಬಂದ ಹುಡುಗ ಎಂಜಿನಿಯರನಿಗೆ ಹಗೆ ಎಂದರೆ ವೈರ. ಈ ಮನೆಯವರಿಗೂ ಅಜ್ಜಿಗೂ ಏನೋ ಜಗಳವಿರಬೇಕು ಎಂದುಕೊಂಡು ಅವನು ನಗುತ್ತಾನೆ.

ಅಜ್ಜಿ ಹೇಳಿದ್ದು ಬೇರೆ ಹಗೆ. ಪುಸ್ತಕದಲ್ಲಿ ಹಗೇವು, ಬಾಗಲಕೋಟೆ, ಬಾದಾಮಿ, ಹುನಗುಂದದ ಬಾಯಿಮಾತಿನಲ್ಲಿ ಹಗೆ ಅಥವಾ ಹಗೇವ. ನೆಲದೊಳಗೆ ಕೊರೆದ ಜೋಳದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಕೆಳಗೆ ಅಗಲವಾದ ಹೊಟ್ಟೆ. ನೀರಿನ ಹೂಜಿಯನ್ನು ನೆಲದಲ್ಲಿ ಹೂತಂತೆ. ಒಳಗೋಡೆಗೆ ಮಣ್ಣು ಮೆತ್ತಿ, ಕೆಲವು ಕಡೆ ಕಸಕಡ್ಡಿ ತುಂಬಿ ಸುಟ್ಟು ಗಟ್ಟಿ ಮಾಡಿ, ಸುತ್ತಲೂ ಕಣಿಕೆ ಅಥವಾ ಹುಲ್ಲು ಒತ್ತಿ, ನಡುವೆ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಅದರ ಮೇಲೆ ಮಣ್ಣೆಳೆದು ಸಾರಿಸಿಬಿಟ್ಟರೆ ಮುಗಿಯಿತು. ಮೇಲೆ ಎಮ್ಮೆ ಕಟ್ಟಬಹುದು, ಮಕ್ಕಳು ಗೋಲಿ ಆಡಬಹುದು. ಹೊಟ್ಟೆ ಎರಡು ಮೀಟರ್ ಅಗಲದ ಗುಂಡಾಗಿದ್ದರೆ ಒಳಗೆ ಸುಮಾರು ನಾಲ್ಕು ಘನ ಮೀಟರ್ ಜಾಗ, ಅಂದರೆ ಹತ್ತಿರ ಹತ್ತಿರ ಮೂವತ್ತು ಕ್ವಿಂಟಲ್ ಬಿಳಿಜೋಳ.

ಕಾಣದಂತೆ ಮುಚ್ಚುವುದೇ ಹಗೆಯ ಜಾಣತನವಾಗಿತ್ತು. ದಂಡು ಬಂದರೂ, ದರೋಡೆಕೋರರು ಬಂದರೂ ಜೋಳ ಸಿಗಬಾರದು. 1876ರಿಂದ 78ರವರೆಗಿನ ಧಾತು–ಈಶ್ವರ ಸಂವತ್ಸರದ ಬರ ಈ ಸೀಮೆಯನ್ನು ಹಿಂಡಿದಾಗ ಇದು ಇನ್ನೂ ಕಲಾದಗಿ ಜಿಲ್ಲೆ. ಅಂಥ ವರ್ಷ ಒಂದು ಹಗೆ ತುಂಬಿದ್ದ ಮನೆಗೂ ಬರಿದಾಗಿದ್ದ ಮನೆಗೂ ನಡುವಿನ ಅಂತರ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಗೋಣಿಚೀಲ, ತಗಡಿನ ಕಣಜ, ಸರಕಾರದ ಗೋದಾಮು, ರೇಷನ್ ಅಂಗಡಿ ಬಂದವು. 1964ರಲ್ಲಿ ಮೊದಲ ಹೈಬ್ರಿಡ್ ಜೋಳ ಬಂತು, 1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿತು. ಹಗೆ ತುಂಬುವುದು ನಿಂತಿತು. ತುಂಬುವವರು ನಿಂತ ಮೇಲೆ ಅದು ಎಲ್ಲಿದೆ ಎನ್ನುವ ನೆನಪೂ ಒಂದೊಂದೇ ತಲೆಮಾರಿಗೆ ತೆಳುವಾಗುತ್ತ ಬಂತು. ಬಾಯಿಯ ಮೇಲೆ ಫರಸಿ ಬಂತು, ಓಣಿಗೆ ಸಿಮೆಂಟ್ ರಸ್ತೆ ಬಂತು. ಮನೆಯ ಉತಾರದಲ್ಲಿ ಉದ್ದಗಲ ಇರುತ್ತದೆ, ಚಕ್ಕುಬಂದಿ ಇರುತ್ತದೆ. ನೆಲದ ಹೊಟ್ಟೆಯಲ್ಲಿ ಏನಿದೆ ಎಂಬುದು ಇರುವುದಿಲ್ಲ.

ನಮ್ಮದಷ್ಟೇ ಕಥೆಯಲ್ಲ ಇದು. ಅಮೆರಿಕದ ನ್ಯೂಜೆರ್ಸಿಯಲ್ಲಿ ಹಳೆಯ ಮನೆ ಕೊಳ್ಳಲು ಹೊರಟ ಕನ್ನಡದ ದಂಪತಿಗೆ ಅಲ್ಲಿನ ವಕೀಲರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, "ಅಂಗಳದಲ್ಲಿ ಎಣ್ಣೆ ಟ್ಯಾಂಕ್ ಇದೆಯೇ, ನೋಡಿಸಿದಿರಾ?" ಎಂಬುದು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಅಲ್ಲಿ ಒಂದು ಕಾಲಕ್ಕೆ ಎಣ್ಣೆ ಸುಡುತ್ತಿದ್ದರು. ಅದಕ್ಕಾಗಿ 550 ಗ್ಯಾಲನ್, ನಮ್ಮ ಲೆಕ್ಕಕ್ಕೆ ಎರಡು ಸಾವಿರ ಲೀಟರಿನಷ್ಟು ಹಿಡಿಯುವ ಉಕ್ಕಿನ ಟ್ಯಾಂಕನ್ನು ಅಂಗಳದಲ್ಲಿ ಹೂಳುತ್ತಿದ್ದರು. ಆಮೇಲೆ ಕೊಳವೆಯಲ್ಲಿ ಗ್ಯಾಸ್ ಬಂತು. ಟ್ಯಾಂಕ್ ಅಲ್ಲೇ ಉಳಿದು ತುಕ್ಕು ಹಿಡಿದು ಎಣ್ಣೆ ಸೋರಿ ಅಂತರ್ಜಲಕ್ಕೆ ಇಳಿಯತೊಡಗಿತು. ಹೊಸದಾಗಿ ಕೊಂಡವನ ತಲೆಗೆ ಸ್ವಚ್ಛ ಮಾಡಿಸುವ ಖರ್ಚು. ಅದಕ್ಕೇ ಅಲ್ಲಿ ಟ್ಯಾಂಕ್ ಹುಡುಕಿಕೊಡುವುದೇ ಒಂದು ಕಸುಬಾಗಿದೆ. ಹುಡುಕುವವನು ಮೊದಲು ಕಣ್ಣಿನಿಂದ ನೋಡುತ್ತಾನೆ: ಹುಲ್ಲಿನ ನಡುವೆ ಇಣುಕುವ ಗಾಳಿ ಕೊಳವೆ, ನೆಲಮಾಳಿಗೆಯ ಗೋಡೆಯಲ್ಲಿ ಕತ್ತರಿಸಿ ಬಿಟ್ಟ ತಾಮ್ರದ ನಳಿಕೆ. ಆಮೇಲೆ ಯಂತ್ರ ಹಿಡಿದು ಅಂಗಳದಲ್ಲಿ ಸಾಲು ಸಾಲಾಗಿ ನಡೆಯುತ್ತಾನೆ, ಬಿತ್ತನೆಯ ಕೂರಿಗೆ ಹಿಡಿದವನ ಹಾಗೆ.

ಆ ಯಂತ್ರಗಳನ್ನೇ ಹುನಗುಂದದ ಅಂಗಳಕ್ಕೆ ತಂದರೆ ಹಗೆ ಸಿಕ್ಕೀತೇ?

ಮೊದಲಿಗೆ ಒಂದು ಮಾತು ಸ್ಪಷ್ಟವಿರಲಿ. ನೆಲದೊಳಗೆ ಇರುವ ವಸ್ತುವನ್ನು ಯಾವ ಯಂತ್ರವೂ ಕಾಣುವುದಿಲ್ಲ. ಅದು ಕಾಣುವುದು ವ್ಯತ್ಯಾಸವನ್ನು: ಸುತ್ತಲಿನ ಮಣ್ಣಿಗೂ ಹೂತ ವಸ್ತುವಿಗೂ ಯಾವುದಾದರೂ ಒಂದು ಗುಣದಲ್ಲಿ ಇರುವ ಭೇದವನ್ನು. ಉಕ್ಕಿನ ಟ್ಯಾಂಕ್ ಹುಡುಕುವುದು ಸುಲಭ, ಏಕೆಂದರೆ ಉಕ್ಕು ಮಣ್ಣಿನಂತೆ ಯಾವುದರಲ್ಲೂ ಇಲ್ಲ. ಭೂಮಿಯ ಅಯಸ್ಕಾಂತ ಕ್ಷೇತ್ರ ನಮ್ಮ ಕಡೆ ಸುಮಾರು 40,000 ನ್ಯಾನೊಟೆಸ್ಲಾ. ಹೂತ ಟ್ಯಾಂಕೊಂದು ಅದನ್ನು ನೂರಾರು, ಕೆಲವೊಮ್ಮೆ ಸಾವಿರಾರು ಮಾನ ಆಚೀಚೆ ಮಾಡಿಬಿಡುತ್ತದೆ. ಹಗೆಯಲ್ಲಿ ಕಬ್ಬಿಣದ ಮೊಳೆಯೂ ಇಲ್ಲ. ಮಣ್ಣಿನಲ್ಲಿ ತೋಡಿ, ಮಣ್ಣಿನಿಂದಲೇ ಮೆತ್ತಿ, ಮಣ್ಣಿನಿಂದಲೇ ಮುಚ್ಚಿದ್ದು.

ಆದರೂ ಅಯಸ್ಕಾಂತ ಮಾಪಕ ಪೂರ್ತಿ ಕೈಬಿಡುವುದಿಲ್ಲ. ಒಳಗೋಡೆಯನ್ನು ಸುಟ್ಟಿದ್ದರೆ ಅಲ್ಲೊಂದು ಗುರುತು ಉಳಿದಿರುತ್ತದೆ. ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡು ಆರುನೂರು ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದಾಗ ತನ್ನ ಹಳೆಯ ಅಯಸ್ಕಾಂತೀಯ ದಿಕ್ಕನ್ನು ಮರೆಯುತ್ತದೆ. ಆರುವಾಗ ಆ ದಿನದ ಭೂಮಿಯ ದಿಕ್ಕನ್ನು ನೆನಪಿಟ್ಟುಕೊಳ್ಳುತ್ತದೆ. ಪುರಾತತ್ವಜ್ಞರು ಹಳೆಯ ಒಲೆ, ಕುಂಬಾರರ ಭಟ್ಟಿಗಳನ್ನು ಹುಡುಕುವುದು ಇದೇ ದಾರಿಯಿಂದ. ಆದರೆ ಈ ಗುರುತು ಹೆಚ್ಚೆಂದರೆ ಕೆಲವು ಹತ್ತು ನ್ಯಾನೊಟೆಸ್ಲಾ. ಹೊಲದ ನಡುವೆ ಅದು ಸಿಕ್ಕೀತು. ಓಣಿಯಲ್ಲಿ ಪಕ್ಕಕ್ಕೆ ನಿಲ್ಲಿಸಿದ ಬೈಕು, ತಗಡಿನ ಚಪ್ಪರ, ನೀರಿನ ಪೈಪು, ಕರೆಂಟಿನ ತಂತಿ ಎಲ್ಲ ಸೇರಿ ಗದ್ದಲ ಎಬ್ಬಿಸಿರುವಾಗ ಸುಟ್ಟ ಮಣ್ಣಿನ ಪಿಸುಮಾತು ಯಾರಿಗೆ ಕೇಳಬೇಕು?

ಹಗೆಗೆ ಹೆಚ್ಚು ಒಗ್ಗುವುದು ನೆಲ ತೂರುವ ರೇಡಾರ್. ಚಕ್ರದ ಮೇಲಿನ ಚಿಕ್ಕ ಪೆಟ್ಟಿಗೆ. ತಳ್ಳಿಕೊಂಡು ಹೋದಂತೆ ನೆಲದೊಳಕ್ಕೆ ರೇಡಿಯೊ ಅಲೆಯ ಮಿಡಿತಗಳನ್ನು ಕಳಿಸಿ ಮರುದನಿಗೆ ಕಾಯುತ್ತದೆ. ಗಾಳಿಯಲ್ಲಿ ಈ ಅಲೆ ಒಂದು ನ್ಯಾನೊಸೆಕೆಂಡಿಗೆ 30 ಸೆಂಟಿಮೀಟರ್ ಓಡುತ್ತದೆ. ಒಣಗಿದ ಗರಸು ಮಣ್ಣಿನಲ್ಲಿ ಸುಮಾರು 12. ಮಣ್ಣಿನಿಂದ ಪೊಳ್ಳಿಗೆ ದಾಟುವಲ್ಲಿ ವೇಗ ಏಕಾಏಕಿ ಬದಲಾಗುತ್ತದೆ, ಬದಲಾದಲ್ಲಿ ಒಂದು ಪಾಲು ಅಲೆ ಹಿಂದಕ್ಕೆ ಚಿಮ್ಮುತ್ತದೆ. ಒಂದು ಮೀಟರ್ ಕೆಳಗಿನ ಹಗೆಯ ನೆತ್ತಿಯಿಂದ ಮರುದನಿ ಬರಲು ಹದಿನೇಳು ನ್ಯಾನೊಸೆಕೆಂಡ್ ಸಾಕು.

ಪರದೆಯ ಮೇಲೆ ಮೂಡುವ ಚಿತ್ರ ಮಾತ್ರ ಹಗೆಯಂತಿರುವುದಿಲ್ಲ, ಕಮಾನಿನಂತಿರುತ್ತದೆ. ಅಲೆ ಟಾರ್ಚಿನ ಬೆಳಕಿನ ಹಾಗೆ ಹರಡಿಕೊಂಡು ಹೋಗುವುದರಿಂದ, ಪೆಟ್ಟಿಗೆ ಇನ್ನೂ ಎರಡು ಹೆಜ್ಜೆ ದೂರವಿರುವಾಗಲೇ ಹಗೆಯ ಮರುದನಿ ಓರೆಯಾಗಿ ಬಂದು ಮುಟ್ಟುತ್ತದೆ. ಓರೆ ದಾರಿ ಉದ್ದ, ಆದ್ದರಿಂದ ಆಳದಲ್ಲಿದ್ದಂತೆ ತೋರುತ್ತದೆ. ನೆತ್ತಿಯ ಮೇಲೆ ಬಂದಾಗ ದಾರಿ ಅತಿ ಚಿಕ್ಕದು. ದಾಟಿದ ಮೇಲೆ ಮತ್ತೆ ಉದ್ದ. ಮೇಲೇರಿ ಇಳಿಯುವ ಆ ಗೆರೆಯ ತುದಿ ಎಲ್ಲಿದೆಯೋ ಅಲ್ಲಿ ಸುಣ್ಣದಿಂದ ಗುರುತು ಹಾಕಿದರೆ ಹಗೆ ಅದರ ಕೆಳಗೆ.

ಈ ಯಂತ್ರ ಎಲ್ಲಾ ಊರಲ್ಲೂ ಒಂದೇ ಬಗೆಯಲ್ಲಿ ನಡೆಯುವುದಿಲ್ಲ. ಬಾಗಲಕೋಟೆ ಜಿಲ್ಲೆ ಈ ಪಾಠಕ್ಕೆಂದೇ ಮಾಡಿಸಿದಂತಿದೆ. ಬಾದಾಮಿಯದು ಮರಳುಗಲ್ಲು; ಚಾಲುಕ್ಯರು ಗುಹೆ ಕೊರೆದದ್ದು ಅದರಲ್ಲೇ. ಅದು ಸವೆದು ಉದುರಿದ ಮಣ್ಣು ಉಸುಕುಸುಕು, ನೀರು ನಿಲ್ಲದು, ರೇಡಾರಿಗೆ ಹಬ್ಬ. ತೊಂದರೆ ಒಂದೇ, ಅಲ್ಲಿನ ಬಂಡೆಗೆ ತನ್ನದೇ ಸೀಳುಗಳಿವೆ, ಅವೂ ಮರುದನಿ ಕೊಡುತ್ತವೆ. (ಬಾದಾಮಿಯ ಉತ್ತರದ ಕೋಟೆಗೆ ಹತ್ತಿದವರು ಅಲ್ಲಿನ ಕಲ್ಲಿನ ಕಣಜಗಳನ್ನು ನೋಡಿರುತ್ತಾರೆ. ದೊರೆಯ ಧಾನ್ಯ ಎಲ್ಲರಿಗೂ ಕಾಣುವಂತೆ ಗುಡ್ಡದ ಮೇಲೆ, ರೈತನದ್ದು ಯಾರಿಗೂ ಕಾಣದಂತೆ ನೆಲದ ಕೆಳಗೆ.) ಇಳಕಲ್ಲಿನದು ಕೆಂಪು ಗ್ರಾನೈಟು. ಅದು ಕೊಳೆತು ಆದ ಗರಸಿನಲ್ಲೂ ರೇಡಾರ್ ಚೆನ್ನಾಗಿ ಇಳಿಯುತ್ತದೆ. ಆದರೆ ಇಳಕಲ್ಲಿನ ಹಳೆಯ ನೇಕಾರರ ಮನೆಯಲ್ಲಿ ಇನ್ನೊಂದು ಕುಣಿ ಇರುತ್ತದೆ: ಕುಣಿಮಗ್ಗದ್ದು, ನೇಯುವವರು ಕಾಲಿಳಿಬಿಟ್ಟು ತುಳಿಯುವ ಜಾಗ. ಮಗ್ಗ ತೆಗೆದು ಕುಣಿ ಮುಚ್ಚಿ ಫರಸಿ ಹಾಸಿದ ಮೇಲೆ ಅದೂ ಗುರುತಿಲ್ಲದ ಪೊಳ್ಳೇ. ಬೇರ್ಪಡಿಸುವುದು ಹೇಗೆಂದರೆ, ಅದು ಚೌಕ, ಮೊಣಕಾಲುದ್ದದ ಆಳ. ಹಗೆ ದುಂಡು, ಆಳುದ್ದದ್ದು. ಹೀಗಾಗಿ ಒಂದೇ ಸಾಲು ನಡೆದರೆ ಸಾಲದು, ಅಡ್ಡ ಉದ್ದ ಎರಡೂ ನಡೆಯಬೇಕು, ಹಾಸು ಹೊಕ್ಕಿನ ಹಾಗೆ.

ಇನ್ನು ಎರೆ ಭೂಮಿ. ಹುನಗುಂದದ ಸುತ್ತ, ಮಲಪ್ರಭೆ ಕೃಷ್ಣೆಯ ಬಯಲಲ್ಲಿ, ಹಿಂಗಾರಿ ಜೋಳ ಬೆಳೆಯುವುದು ಇದರಲ್ಲೇ. ಇದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕರುವಿನ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ತೇವದ ಜೇಡಿಯಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಆದ್ದರಿಂದ ರೇಡಾರಿನ ಅಲೆ ಅಲ್ಲೇ ಶಾಖವಾಗಿ ಸತ್ತುಹೋಗುತ್ತದೆ. ಅರ್ಧ ಮೀಟರ್, ಹೆಚ್ಚೆಂದರೆ ಒಂದು ಮೀಟರ್; ಅದರಾಚೆ ಕುರುಡು.

ಇಲ್ಲಿ ಹಿರಿಯರು ನಮಗೊಂದು ಉಪಕಾರ ಮಾಡಿಟ್ಟಿದ್ದಾರೆ, ಅವರಿಗೇ ಗೊತ್ತಿಲ್ಲದೆ. ಎರೆಯಲ್ಲಿ ಹಗೆ ತೋಡಿದರೆ ಮಳೆಗಾಲಕ್ಕೆ ತೇವ, ಬೇಸಿಗೆಗೆ ಬಿರುಕು, ಜೋಳ ಉಳಿಯದು. ಅದಕ್ಕೇ ಅವರು ಊರಿನ ಎತ್ತರದ ಜಾಗ, ಗಟ್ಟಿ ಗರಸು ಅಥವಾ ಹಾಳುಮಣ್ಣಿನ ದಿಬ್ಬ, ನೀರು ಹರಿದುಹೋಗುವ ಇಳಿಜಾರು ಹುಡುಕಿ ತೋಡಿದರು. ಜೋಳಕ್ಕೆ ಬೇಕಿದ್ದು ಒಣ ನೆಲ. ರೇಡಾರಿಗೂ ಬೇಕಿರುವುದು ಅದೇ! ಹಗೆ ಎಲ್ಲಿ ಇರಲು ಸಾಧ್ಯವೋ ಅಲ್ಲೇ ಅದು ಕಾಣಲೂ ಸಾಧ್ಯ. ವಿಜ್ಞಾನದಲ್ಲಿ ಇಂಥ ಅದೃಷ್ಟ ಅಪರೂಪ.

ಅದೃಷ್ಟ ಕೈಕೊಡುವುದು ನೀರು ಬಂದಾಗ. ಕಾಲುವೆ ಬಂದು, ನಲ್ಲಿ ಬಂದು, ಬಚ್ಚಲ ನೀರು ಅಲ್ಲೇ ಇಂಗತೊಡಗಿ, ಊರಿನ ಕೆಳಗಿನ ನೀರು ಮೇಲೇರಿದರೆ ನೂರು ವರ್ಷ ಒಣಗಿದ್ದ ಗರಸು ನೆನೆಯುತ್ತದೆ. ನೆನೆದ ಗೋಡೆ ಜರಿಯುತ್ತದೆ. ಜರಿದ ಮಣ್ಣು ಹೊಟ್ಟೆಯ ತಳಕ್ಕೆ ಬಿದ್ದಂತೆ ಪೊಳ್ಳು ಮೇಲ್ಮೇಲಕ್ಕೆ ಏರುತ್ತ ಬಂದು, ಒಂದು ದಿನ ನೆಲದ ತೆಳು ಪದರ ಕುಸಿದು ಬಾಯಿ ಬಿಡುತ್ತದೆ. ಬಾದಾಮಿ ತಾಲ್ಲೂಕಿನ ಪಕ್ಕದ, ಗದಗ ಜಿಲ್ಲೆಯ ನರಗುಂದದಲ್ಲಿ ಈಚಿನ ವರ್ಷಗಳಲ್ಲಿ ಪದೇ ಪದೇ ಆದದ್ದು ಇಂಥದ್ದೇ. ಮನೆಯೊಳಗೆ, ಓಣಿಯಲ್ಲಿ ಇದ್ದಕ್ಕಿದ್ದಂತೆ ನೆಲ ಕುಸಿದು ಜನ ಕಂಗಾಲಾದರು. ಹಳೆಯ ಹಗೆಗಳು ಮತ್ತು ಏರಿದ ಅಂತರ್ಜಲ ಎರಡರ ಮೇಲೂ ಬೆರಳು ಹೋಯಿತು. ಹಳೆ ಬಾಗಲಕೋಟೆಯ ಕಥೆ ಇನ್ನೊಂದು ತುದಿಯದು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಗುಂಟ ಬಂದು ಊರಿನ ತಗ್ಗು ಭಾಗವನ್ನು ನುಂಗಿತು, ಜನ ನವನಗರಕ್ಕೆ ಹೋದರು. ಅಲ್ಲಿನ ಅಂಗಳಗಳಲ್ಲಿ ಇದ್ದ ಹಗೆಗಳನ್ನು ಇನ್ನು ಯಾರೂ ಹುಡುಕಬೇಕಾಗಿಲ್ಲ.

ರೇಡಾರ್ ಸೋತಲ್ಲಿ ಬೇರೆ ದಾರಿಗಳಿವೆ. ನೆಲಕ್ಕೆ ಸಾಲಾಗಿ ಸಲಾಕೆ ಹೊಡೆದು, ಎರಡರ ನಡುವೆ ವಿದ್ಯುತ್ ಹರಿಸಿ, ಇನ್ನೆರಡರ ನಡುವೆ ವಿದ್ಯುತ್ತಿನ ಒತ್ತಡ ಅಳೆಯುವುದು ಒಂದು. ಬೋರ್‌ವೆಲ್ ಜಾಗ ನೋಡುವವರು ಬಳಸುವುದು ಇದನ್ನೇ. ನೀರು ಹುಡುಕುವವರು ವಿದ್ಯುತ್ತಿಗೆ ತಡೆ ಕಡಿಮೆ ಇರುವ ಕಡೆ ನೋಡುತ್ತಾರೆ, ಹಗೆ ಹುಡುಕುವವರು ತಡೆ ಹೆಚ್ಚಿರುವ ಕಡೆ, ಏಕೆಂದರೆ ಪೊಳ್ಳಿನಲ್ಲಿ ವಿದ್ಯುತ್ ಹರಿಯದು. ಬೇಸಿಗೆಯಲ್ಲಿ ಸಲಾಕೆಯ ಬುಡಕ್ಕೆ ಉಪ್ಪುನೀರು ಹಾಕದಿದ್ದರೆ ಯಂತ್ರ ಮಾತಾಡುವುದೇ ಇಲ್ಲ.

ಇನ್ನೊಂದು ನನಗೆ ಬಹಳ ಇಷ್ಟ, ಉಪಯೋಗಕ್ಕಿಂತ ಹೆಚ್ಚಾಗಿ ಅದರ ಸೂಕ್ಷ್ಮಕ್ಕಾಗಿ: ಗುರುತ್ವ ಅಳೆಯುವುದು. ಪೊಳ್ಳು ಇರುವಲ್ಲಿ ಮಣ್ಣಿಲ್ಲ, ಮಣ್ಣಿಲ್ಲದಲ್ಲಿ ಭೂಮಿಯ ಸೆಳೆತ ಅಷ್ಟು ಕಡಿಮೆ. ಎರಡು ಮೀಟರ್ ಅಗಲದ ಖಾಲಿ ಹಗೆ, ಅದರ ನಡು ನೆಲದಿಂದ ಎರಡು ಮೀಟರ್ ಕೆಳಗಿದ್ದರೆ, ಸುಮಾರು ಏಳೂವರೆ ಟನ್ ಮಣ್ಣಿನ ಕೊರತೆ. ನ್ಯೂಟನ್ನನ ಸೂತ್ರ ಹಾಕಿ ನೋಡಿದರೆ, ಗುರುತ್ವದಲ್ಲಿ ಆಗುವ ಇಳಿಕೆ ಎಂಟು ಕೋಟಿಯಲ್ಲಿ ಒಂದು ಪಾಲು. ಅರವತ್ತು ಕಿಲೊ ತೂಗುವ ಮನುಷ್ಯ ಹಗೆಯ ಮೇಲೆ ನಿಂತರೆ ಒಂದು ಮಿಲಿಗ್ರಾಂಗಿಂತ ಕಡಿಮೆ ಹಗುರಾಗುತ್ತಾನೆ. ಒಂದು ಜೋಳದ ಕಾಳಿನ ಭಾರಕ್ಕೂ ಎಷ್ಟೋ ಕಡಿಮೆ. ಇಷ್ಟನ್ನೂ ಹಿಡಿಯುವ ಯಂತ್ರಗಳಿವೆ. ಆದರೆ ಅದನ್ನು ಹೊತ್ತು ತಂದು, ಬಸ್ಸು ಹೋದಾಗಿನ ನಡುಕ ನಿಲ್ಲುವ ತನಕ ಕಾಯ್ದು, ಒಂದೊಂದು ಜಾಗದಲ್ಲೂ ಮತ್ತೆ ಮತ್ತೆ ಅಳೆಯುವಷ್ಟು ತಾಳ್ಮೆಯೂ ದುಡ್ಡೂ ಮನೆ ಕಟ್ಟುವವನಿಗೆ ಎಲ್ಲಿಂದ ಬರಬೇಕು?

ಅವನಿಗೆ ಒನಕೆ ಇದೆ. ಅಂಗಳದಲ್ಲಿ ಗೇಣಿಗೊಂದು ಕಡೆ ಕುಟ್ಟುತ್ತ ಹೋದರೆ ಗಟ್ಟಿ ನೆಲ ಟಪ್ ಎನ್ನುತ್ತದೆ, ಪೊಳ್ಳು ನೆಲ ಡಬ್ ಎಂದು ಗುಂಯ್‌ಗುಡುತ್ತದೆ. ಡಗ್ಗದ ಚರ್ಮದ ಹಾಗೆ ಮೇಲಿನ ಪದರ ಅದುರಿ, ಒಳಗಿನ ಗಾಳಿ ಅದಕ್ಕೆ ದನಿ ಕೂಡಿಸುತ್ತದೆ. ಮಳೆ ಬಿದ್ದ ಮರುದಿನದ ಬೆಳಗೂ ಒಳ್ಳೆಯ ಯಂತ್ರವೇ. ಮುಚ್ಚಿದ ಬಾಯಿಯ ಸಡಿಲ ಮಣ್ಣು ಸುತ್ತಲಿನಂತೆ ಒಣಗುವುದಿಲ್ಲ. ಬಟ್ಟಲಿನಷ್ಟು ತಗ್ಗು ಬಿದ್ದು ಅಲ್ಲಿ ನೀರು ನಿಂತಿರುತ್ತದೆ, ಅಥವಾ ಅಲ್ಲಿ ಮಾತ್ರ ಕಸ ಹುಲುಸಾಗಿ ಬೆಳೆದಿರುತ್ತದೆ. ಯಂತ್ರ ಬೇಕೇ ಬೇಕೆಂದರೆ ಮನೆ ಕಟ್ಟುವ ಮೊದಲೇ ತರಿಸಬೇಕು. ಕಬ್ಬಿಣದ ಜಾಲರಿ ಹಾಕಿ ಸ್ಲ್ಯಾಬ್ ಸುರಿದ ಮೇಲೆ ರೇಡಾರಿಗೆ ಆ ಜಾಲರಿಯೇ ಗೋಡೆ.

ಸಿಕ್ಕಿತು ಎನ್ನೋಣ. ಹಾರೆ ಹಾಕಿ ಮೇಲಿನ ಕಲ್ಲು ಎಬ್ಬಿಸಿದ್ದಾರೆ. ಕತ್ತಲೆಯ ಬಾಯಿ. ಕೂಡಿದ ಹುಡುಗರಲ್ಲಿ ಒಬ್ಬನಿಗೆ ಒಳಗೆ ಬಂಗಾರ ಇದ್ದೀತೇ ಎಂದು ಇಳಿಯುವ ಚಪಲ. ಹುಡುಕುವುದಕ್ಕಿಂತ ಅಪಾಯದ ಗಳಿಗೆ ಇದು.

ಜೋಳ ಸತ್ತ ಕಾಳಲ್ಲ, ಅದು ಉಸಿರಾಡುತ್ತದೆ. ಕಾಳಿನ ಜೊತೆ ಹುಳ, ಬೂಷ್ಟು ಉಸಿರಾಡುತ್ತವೆ. ಗೋಡೆಗೆ ತಾಗಿದ ತೇವದ ಕಾಳು ಮೊಳೆತು, ಮುಗ್ಗಿ, ಒಂದು ಹೆಪ್ಪಾಗಿ ಒಳಗಿನ ಕಾಳಿಗೆ ಕವಚವಾಗುತ್ತದೆ. ಇಂಗ್ಲೆಂಡಿನ ಬಟ್ಸರ್ ಎಂಬಲ್ಲಿ 1970ರ ದಶಕದಲ್ಲಿ ಪೀಟರ್ ರೆನಾಲ್ಡ್ಸ್ ಎಂಬ ಪುರಾತತ್ವಜ್ಞ ಕಬ್ಬಿಣದ ಯುಗದ ಮಾದರಿಯ ಗುಂಡಿ ತೋಡಿ ಧಾನ್ಯ ತುಂಬಿಟ್ಟು ಇದನ್ನೇ ಅಳೆದು ನೋಡಿದ. ಕಾಳು, ಹುಳ, ಬೂಷ್ಟು ಎಲ್ಲ ಸೇರಿ ಒಳಗಿನ ಆಮ್ಲಜನಕವನ್ನು ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡು ತುಂಬುತ್ತದೆ. ಆಮ್ಲಜನಕ ಶೇಕಡಾ 3ಕ್ಕಿಂತ ಕೆಳಗಿಳಿದರೆ ನುಸಿ ಉಳಿಯದು. ಹಗೆಯ ಜೋಳ ವರ್ಷಗಟ್ಟಲೆ ಕೆಡದಿರುವ ಗುಟ್ಟು ಇದೇ, ಅದರ ರೊಟ್ಟಿಗೆ ಒಂದು ಮುಗ್ಗಲು ವಾಸನೆ ಇದ್ದರೂ. ನುಸಿಯನ್ನು ಕೊಲ್ಲುವ ಗಾಳಿ ಮನುಷ್ಯನನ್ನು ಬಿಡುತ್ತದೆಯೇ? ಕಾಳು ಖಾಲಿಯಾಗಿದ್ದರೂ ತಳದಲ್ಲಿ ಕೊಳೆಯುವ ಹುಲ್ಲು ಅದೇ ಕೆಲಸ ಮಾಡುತ್ತಿರುತ್ತದೆ. ಇಂಗಾಲದ ಡೈಆಕ್ಸೈಡು ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬಾಯಿ ತೆರೆದರೂ ತಾನಾಗಿ ಹೊರಗೆ ಬರದು. ಬಣ್ಣವಿಲ್ಲ, ವಾಸನೆಯಿಲ್ಲ. ಅದು ಶೇಕಡಾ 10 ಮುಟ್ಟಿದಲ್ಲಿ ಕೆಲವು ನಿಮಿಷಕ್ಕೇ ಪ್ರಜ್ಞೆ ತಪ್ಪುತ್ತದೆ. ಬಿದ್ದವನನ್ನು ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ, ಅವನ ಹಿಂದೆ ಮೂರನೆಯವನೂ. ರೋಮಿನ ವಾರೊ ಎರಡು ಸಾವಿರ ವರ್ಷದ ಹಿಂದೆ ಬೇಸಾಯದ ಪುಸ್ತಕ ಬರೆಯುವಾಗ, ನೆಲದೊಳಗಿನ ಧಾನ್ಯದ ಗುಂಡಿ ತೆರೆದ ಕೂಡಲೇ ಇಳಿಯಬೇಡಿ, ಉಸಿರುಗಟ್ಟಿ ಸತ್ತವರಿದ್ದಾರೆ ಎಂದು ಎಚ್ಚರಿಸಿದ್ದ.

ನಮ್ಮವರ ಪರೀಕ್ಷೆ ಕಂದೀಲು. ಹಗ್ಗಕ್ಕೆ ಕಟ್ಟಿ ಇಳಿಬಿಡುವುದು, ಆರಿದರೆ ಇಳಿಯಬಾರದು. ಇದರಲ್ಲಿ ತಿಳಿವಳಿಕೆ ಇದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. 16ರ ಹತ್ತಿರಕ್ಕೆ ಇಳಿದರೆ ದೀಪ ಆರುತ್ತದೆ, ಮನುಷ್ಯ ಇನ್ನೂ ನಿಂತಿರುತ್ತಾನೆ. ಅಂದರೆ ದೀಪ ನಮಗಿಂತ ಮೊದಲೇ ಹೆದರುತ್ತದೆ. ಆದರೆ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಧೈರ್ಯ ಮಾಡಬಾರದು. ಆಮ್ಲಜನಕ ಶೇಕಡಾ 18 ಇದ್ದು ದೀಪ ಉರಿಯುವಾಗಲೇ ಇಂಗಾಲದ ಡೈಆಕ್ಸೈಡು ತಲೆ ತಿರುಗಿಸುವಷ್ಟು ಕೂಡಿರಬಹುದು. ಈಗ ಗಾಳಿ ಅಳೆಯುವ ಚಿಕ್ಕ ಯಂತ್ರಗಳಿವೆ, ಒಳಚರಂಡಿ ಕೆಲಸಕ್ಕೆ ಬಳಸುವಂಥವು. ಅದನ್ನು ಹಗ್ಗದಲ್ಲಿ ಬಿಟ್ಟು ನೋಡಬಹುದು. ನನ್ನನ್ನು ಕೇಳಿದರೆ ಮನೆ ಕಟ್ಟುವವನು ಇಳಿಯುವ ಮಾತೇ ಬೇಡ. ಮೇಲಿನಿಂದಲೇ ಗರಸು ಸುರಿದು, ಮೊಳಕ್ಕೊಮ್ಮೆ ನೀರು ಬಿಟ್ಟು ಕೂರಿಸಿ, ಮತ್ತೆ ಸುರಿದು ದಮ್ಮಸು ಮಾಡುತ್ತ ಬಾಯಿಯವರೆಗೆ ತರಬೇಕು. ಹೊಟ್ಟೆ ಬಾಯಿಗಿಂತ ಅಗಲವಿರುವುದರಿಂದ ಅಂಚಿನ ಕೆಳಗೆ ಪೊಳ್ಳು ಉಳಿಯುತ್ತದೆ; ಮೇಲಿನ ಕುತ್ತಿಗೆಯನ್ನು ಒಡೆದು ಅಗಲ ಮಾಡಿಕೊಂಡೇ ತುಂಬಬೇಕು. ಎರೆಮಣ್ಣು ಮಾತ್ರ ತುಂಬಬಾರದು. ಮನೆಯ ಕಂಬವನ್ನು ಆ ಜಾಗ ಬಿಟ್ಟು ನಿಲ್ಲಿಸುವುದು ಇನ್ನೂ ಒಳ್ಳೆಯದು.

ಆಮೇಲೆ ಎರಡು ನಿಮಿಷದ ಕೆಲಸ ಉಳಿಯುತ್ತದೆ. ಒಂದು ಟೇಪು ಹಿಡಿದು, ಹಗೆಯ ಬಾಯಿಯ ನಡುವಿನಿಂದ ಮನೆಯ ಎರಡು ಮೂಲೆಗಳಿಗೆ ಎಷ್ಟೆಷ್ಟು ದೂರ ಎಂದು ಅಳೆದು, ಉತಾರದ ಬೆನ್ನಿಗೆ ಬರೆದಿಡುವುದು. ಎರಡು ಅಳತೆ ಇದ್ದರೆ ಅಂಗಳದಲ್ಲಿ ಆ ಬಿಂದು ಮತ್ತೆ ಸಿಗುತ್ತದೆ. ಎದುರು ಮನೆಯ ಅಜ್ಜಿಗೆ ಅಳತೆ ಬೇಕಿಲ್ಲ, ಅವಳು ಮದುವೆಯಾಗಿ ಬಂದ ವರ್ಷ ಆ ಹಗೆಗೆ ಜೋಳ ಸುರಿದವರಲ್ಲಿ ಒಬ್ಬಳು. ಎಂಜಿನಿಯರ್ ಟೇಪು ಎಳೆಯುತ್ತಿರುವಾಗ ಅವಳು ಕಟ್ಟೆಯಿಂದಲೇ ಕೋಲು ಚಾಚಿ ಹೇಳುತ್ತಾಳೆ: "ಅದೊಂದ ಅಲ್ಲಪಾ. ದನದ ಕ್ವಾಟಿಗ್ಯಾಗ ಇನ್ನೊಂದ ಐತಿ."